ಮೊದಲು ಮೈಮೇಲೆ ನೀರು: ರಾಯಚೂರಿನ ಬಿಸಿಲಿಗೆ ಒಬ್ಬ ಗೌಂಡಿಯ ತಯಾರಿ

ಸ್ಲ್ಯಾಬ್ ಹಾಕಿದ ಮಾರನೇ ದಿನದಿಂದ ನಾವು ಅದಕ್ಕೆ ನೀರು ಕುಡಿಸುತ್ತೇವೆ. ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ. ಕಂಬಗಳಿಗೆ ಗೋಣಿತಟ್ಟು ಸುತ್ತಿ ದಿನಕ್ಕೆ ಮೂರು ನಾಲ್ಕು ಸಲ ತೋಯಿಸುತ್ತೇವೆ. ಇದಕ್ಕೆ ಕ್ಯೂರಿಂಗ್ ಅಂತಾರೆ. ಒಂದು ಹೊತ್ತು ತಪ್ಪಿದರೂ ಬಿರುಕು ಬಿಟ್ಟೀತು ಅಂತ ಮನೆ ಮಾಲೀಕರೇ ಬಂದು ನಿಂತು ನೋಡುತ್ತಾರೆ. ಆದರೆ ಆ ಸ್ಲ್ಯಾಬ್ ಹಾಕಿದ ಆಳು ಇವತ್ತು ಎಷ್ಟು ನೀರು ಕುಡಿದ ಅಂತ ಕೇಳುವವರು ಕಡಿಮೆ. ನಾನೂ ಬಹಳ ವರ್ಷ ಕೇಳಿರಲಿಲ್ಲ.

ನಾನು ರಾಯಚೂರಿನ ಗೌಂಡಿ. ಹದಿನಾರನೇ ವಯಸ್ಸಿಗೆ ಬಾಂಡ್ಲಿ ಹೊರಲು ನಿಂತವನು. ಈಗ ನನ್ನ ಕೈಕೆಳಗೆ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ, ಅದರಲ್ಲಿ ಆರು ಹೆಣ್ಣಾಳು. ಕೋಟೆ ಗುಡ್ಡದ ಕೆಳಗೆ ನಮ್ಮ ಮನೆ. ಹಗಲೆಲ್ಲ ಕಾದ ಆ ಬಂಡೆ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತಿರುತ್ತದೆ. ಬಿಸಿಲು ನಮಗೆ ಹೊಸದಲ್ಲ ಅನ್ನುವ ಧೈರ್ಯ ಈ ಊರಿನ ಎಲ್ಲರಿಗೂ ಇದೆ. ಆ ಧೈರ್ಯದಿಂದಲೇ ನನ್ನ ಅಕ್ಕನ ಮಗ ಸಾಯುವ ಹಂತಕ್ಕೆ ಹೋಗಿದ್ದ.

ನಾಲ್ಕು ವರ್ಷದ ಹಿಂದಿನ ಮಾತು, ಏಪ್ರಿಲ್ ಕೊನೆ ವಾರ. ಅವನು ಬೆಂಗಳೂರಿಗೆ ಗುಳೆ ಹೋಗಿ ಎಂಟು ತಿಂಗಳು ಟೈಲ್ಸ್ ಕೆಲಸ ಮಾಡಿದ್ದ. ಊರ ಜಾತ್ರೆಗೆ ಬಂದವನು, ಸುಮ್ನೆ ಯಾಕೆ ಕೂರಲಿ ಅಂತ ನನ್ನ ಜೊತೆ ಕೆಲಸಕ್ಕೆ ಬಂದ. ಇಪ್ಪತ್ನಾಲ್ಕು ವಯಸ್ಸು, ಗಟ್ಟಿ ಆಳು. ಎರಡನೇ ದಿನ ಸ್ಲ್ಯಾಬ್ ಇತ್ತು. ಮಧ್ಯಾಹ್ನ ಒಂದರ ಹೊತ್ತಿಗೆ ಕಾಂಕ್ರೀಟಿನ ಮಾಲು ಹೊತ್ತುಕೊಂಡು ಬೇರೆ ದಿಕ್ಕಿಗೆ ನಡೆಯತೊಡಗಿದ. ಕರೆದೆ. "ಆರಾಮ ಅದೀನಿ ಮಾವಾ" ಅಂದ. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನೇ ನೋಡಿ "ಅಪ್ಪಾ" ಅಂತ ಕರೆದ. ಅವನ ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಆಗಲೂ ನನಗೆ ತಿಳಿಯಲಿಲ್ಲ. ಬಿದ್ದ ಮೇಲೆ ತಿಳಿಯಿತು.

ನಾವು ಮಾಡಿದ್ದೆಲ್ಲ ತಪ್ಪೇ. ಎತ್ತಿಕೊಂಡು ತಗಡಿನ ಶೆಡ್ಡಿಗೆ ಹಾಕಿದೆವು. ಅದು ಹೊರಗಿಗಿಂತ ಕಾದಿತ್ತು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಲು ಹೋದೆವು. ಒಬ್ಬ ಮೂಗಿಗೆ ಈರುಳ್ಳಿ ಹಿಡಿದ, ಇನ್ನೊಬ್ಬ ಕೈಯಲ್ಲಿ ಕಬ್ಬಿಣ ಕೊಟ್ಟ. ನಾನು ಆಟೋ ಹುಡುಕಲು ರಸ್ತೆಗೆ ಓಡಿದೆ. ಅಷ್ಟರಲ್ಲಿ ನಮ್ಮ ಜೊತೆಗಿದ್ದ ಅರವತ್ತು ದಾಟಿದ ಹೆಣ್ಣಾಳು ಒಬ್ಬರು ಕ್ಯೂರಿಂಗ್ ಪೈಪು ಎಳೆದು ತಂದು ಅವನ ತಲೆಯಿಂದ ಕಾಲಿನವರೆಗೆ ನೀರು ಬಿಟ್ಟರು. "ಮೊದ್ಲ ಮೈ ತಣ್ಣಗ ಮಾಡ್ರಿ, ಆಮ್ಯಾಲ ದವಾಖಾನಿ" ಅಂದರು. ಗಾಡಿ ಬರುವವರೆಗೆ ಇಪ್ಪತ್ತು ನಿಮಿಷ ಪೈಪು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಇಡೀ ಕಥೆ ಕೇಳಿ, ಹುಡುಗ ಉಳಿದಿದ್ದು ಆ ಇಪ್ಪತ್ತು ನಿಮಿಷದಿಂದ ಅಂದರು. ಐದು ದಿನ ಮಲಗಿದ್ದು ಮನೆಗೆ ಬಂದ.

ಆವತ್ತಿನಿಂದ ನಾನು ಕೇಳಿ, ಓದಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೌಂಡಿಗಳಿಗೆ ಮಾತ್ರ ಅಲ್ಲ. ಹೊಲದಲ್ಲಿ, ಗಂಜ್‌ನಲ್ಲಿ, ಖಾತ್ರಿ ಕೆಲಸದಲ್ಲಿ, ತಳ್ಳುಗಾಡಿ ಹಿಂದೆ ನಿಲ್ಲುವ ಎಲ್ಲರಿಗೂ, ಮನೆಯಲ್ಲಿ ವಯಸ್ಸಾದವರಿರುವ ಎಲ್ಲರಿಗೂ.

ತಲೆ ತಪ್ಪಿ ಮಾತಾಡಿದರೆ

ಇದನ್ನು ಮೊದಲು ಹೇಳಿಬಿಡುತ್ತೇನೆ. ಬೇರೆಯದನ್ನು ಓದದಿದ್ದರೂ ಇಷ್ಟು ಓದಿ.

ಬಿಸಿಲಿನ ಪೆಟ್ಟು ಹಂತ ಹಂತವಾಗಿ ಬರಬಹುದು. ಮೀನಖಂಡ, ತೊಡೆ, ಹೊಟ್ಟೆಯ ನರ ಹಿಡಿಯುತ್ತದೆ. ಆಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಧಾರಾಳ ಬೆವರು. ಇಷ್ಟರಲ್ಲೇ ನೆರಳಿಗೆ ಕರೆದು, ಬಟ್ಟೆ ಸಡಿಲ ಮಾಡಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಒಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತಾರೆ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಸುಧಾರಿಸಿದರೂ ಆವತ್ತು ಮತ್ತೆ ಕೆಲಸಕ್ಕೆ ಹಚ್ಚಬೇಡಿ.

ಆದರೆ ಮಾತು ತಪ್ಪಿದರೆ, ತೊದಲಿದರೆ, ನಡಿಗೆ ಓಲಾಡಿದರೆ, ಕಾರಣವಿಲ್ಲದೆ ಜಗಳಕ್ಕೆ ಬಂದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ, ಅದು ಹೀಟ್ ಸ್ಟ್ರೋಕ್. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮೆದುಳಿಗೆ ಪೆಟ್ಟು ಬೀಳುತ್ತಿರುತ್ತದೆ. ಕಾಯುವ ಹೊತ್ತಲ್ಲ. ಬಹಳ ಜನ ಬೆವರು ನಿಂತಿದೆಯಾ ಅಂತ ಮುಟ್ಟಿ ನೋಡುತ್ತಾರೆ. ಮನೆಯಲ್ಲಿ ಕೂತ ವಯಸ್ಸಾದವರಿಗೆ ಮೈ ಒಣಗಿರಬಹುದು. ದುಡಿಯುತ್ತಾ ಬಿದ್ದವರಿಗೆ ಬೆವರು ಸುರಿಯುತ್ತಲೇ ಇರಬಹುದು. ನನ್ನ ಅಳಿಯನ ಅಂಗಿ ತೊಪ್ಪೆಯಾಗಿತ್ತು. ಹಾಗಾಗಿ ಬೆವರು ನೋಡಬೇಡಿ, ಮಾತು ನೋಡಿ. ನಿನ್ನ ಹೆಸರೇನು, ಇವತ್ತು ಯಾವ ವಾರ, ಊಟಕ್ಕೆ ಏನು ತಂದಿದ್ದೀ ಅಂತ ಕೇಳಿ. ಉತ್ತರ ಹದ ತಪ್ಪಿದರೆ ಅಷ್ಟೇ ಸಾಕು.

ಆಗ ಒಬ್ಬರು 108ಕ್ಕೆ ಫೋನ್ ಮಾಡಬೇಕು. ಉಳಿದವರು ಅದೇ ಕ್ಷಣ ನೀರು ಸುರಿಯಲು ಶುರು ಮಾಡಬೇಕು. ಮರದ ನೆರಳು ಅಥವಾ ಗಾಳಿಯಾಡುವ ಜಾಗ. ದಪ್ಪ ಬಟ್ಟೆ, ಬೂಟು ತೆಗೆಯಿರಿ. ತಲೆ, ಕುತ್ತಿಗೆ, ಎದೆ, ತೊಡೆ ಎಲ್ಲ ಕಡೆ ನೀರು ಬಿಡಿ. ಇನ್ನೊಬ್ಬರು ರಟ್ಟಿನಿಂದಲೋ ಟವೆಲ್‌ನಿಂದಲೋ ಜೋರಾಗಿ ಬೀಸುತ್ತಿರಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಒದ್ದೆ ಬಟ್ಟೆ ಹೊದಿಸಿ ಸುಮ್ಮನಾಗಬೇಡಿ. ಎರಡು ನಿಮಿಷದಲ್ಲಿ ಆ ಬಟ್ಟೆಯೇ ಬಿಸಿಯಾಗುತ್ತದೆ. ತೋಯಿಸುತ್ತಲೇ ಇರಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಬಿಸಿಲಲ್ಲಿ ಬಿದ್ದಿರುವ ಪೈಪಿನಿಂದ ಮೊದಲು ಬರುವ ನೀರು ಕುದಿಯುವಂತಿರುತ್ತದೆ. ಮೈ ಸುಡುತ್ತದೆ. ಅದನ್ನು ಪಕ್ಕಕ್ಕೆ ಹರಿಯಬಿಟ್ಟು, ಕೈ ಹಿಡಿದು ನೋಡಿ, ಆಮೇಲೆ ಮೈಮೇಲೆ ಬಿಡಿ.

ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಉಸಿರುಗೊಳವೆಗೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜ್ವರದ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಸೋಂಕಿನ ಜ್ವರ ಇಳಿಸುತ್ತದೆ, ಬಿಸಿಲಿನ ಕಾವು ಅದಕ್ಕೆ ಬಗ್ಗುವುದಿಲ್ಲ.

ಹೊಸ ಮೈಗೆ ಒಂದು ವಾರ

ನನ್ನ ಅಳಿಯ ಬಿದ್ದದ್ದು ಯಾಕೆ? ಅವನಿಗಿಂತ ಸಣಕಲು ಮೈಯವರು, ಐವತ್ತು ದಾಟಿದವರು ಅದೇ ಸ್ಲ್ಯಾಬ್ ಮೇಲೆ ನಿಂತಿದ್ದರು. ಅವರಿಗೆ ಏನೂ ಆಗಲಿಲ್ಲ. ಕಾರಣ ಡಾಕ್ಟರು ಹೇಳಿದರು. ಉಳಿದವರು ಫೆಬ್ರವರಿಯಿಂದ ದಿನಾ ಸ್ವಲ್ಪ ಸ್ವಲ್ಪ ಏರುವ ಬಿಸಿಲಲ್ಲಿ ದುಡಿದವರು. ಅವರ ಮೈ ಬೇಗ ಬೆವರುವುದನ್ನು, ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುವುದನ್ನು ಕಲಿತಿತ್ತು. ಇವನದು ಬೆಂಗಳೂರಿನ 34 ಡಿಗ್ರಿಗೆ ಒಗ್ಗಿದ ಮೈ. ಬಸ್ಸಿಳಿದ ಮೂರನೇ ದಿನ 42 ಡಿಗ್ರಿಯಲ್ಲಿ ಮಾಲು ಹೊತ್ತ.

ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಕೆಲಸದ ಜಾಗದಲ್ಲಿ ಬಿಸಿಲಿಗೆ ಸಾಯುವವರಲ್ಲಿ ಬಹಳ ಜನ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದರ ಬಗ್ಗೆ ಜಾಸ್ತಿ ಯೋಚಿಸಬೇಕು, ಯಾಕೆಂದರೆ ಗುಳೆ ಹೋದವರು ಯುಗಾದಿಗೆ, ಜಾತ್ರೆಗೆ, ಮದುವೆಗೆ ವಾಪಸ್ ಬರುವುದು ಸರಿಯಾಗಿ ಬಿಸಿಲು ನೆತ್ತಿಗೇರುವ ಹೊತ್ತಿಗೇ. ಬಂದವರು ಸುಮ್ಮನೆ ಕೂರುವುದಿಲ್ಲ.

ನಾನು ಈಗ ಹೀಗೆ ಮಾಡುತ್ತೇನೆ. ಪೂರ್ತಿ ಹೊಸಬರಾದರೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು ಮಾತ್ರ. ದಿನಕ್ಕೆ ಒಂದೊಂದು ಪಾಲು ಏರಿಸುತ್ತಾ ಐದನೇ ದಿನ ಪೂರ್ತಿ. ಮೊದಲು ಇಲ್ಲೇ ದುಡಿದು, ನಡುವೆ ಬಿಟ್ಟು ಬಂದವರಾದರೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ. ಉಳಿದ ಹೊತ್ತು ನೆರಳಲ್ಲಿ ರಿಂಗ್ ಕಟ್ಟುವುದು, ತಂತಿ ಕತ್ತರಿಸುವುದು, ಟೈಲ್ಸ್ ಎಣಿಸಿ ಜೋಡಿಸುವುದು. ಕೂಲಿ ಮಾತ್ರ ಮೊದಲ ದಿನದಿಂದ ಪೂರ್ತಿ ಕೊಡಬೇಕು. ಕಡಿತ ಮಾಡಿದರೆ ಯಾರೂ ನೆರಳಲ್ಲಿ ಕೂರುವುದಿಲ್ಲ, ಆರಾಮ ಅದೀನಿ ಅಂತಲೇ ಅನ್ನುತ್ತಾರೆ. ಈ ಖರ್ಚನ್ನು ನಾನು ಮನೆ ಮಾಲೀಕರಿಗೆ ಒಪ್ಪಂದದ ಹೊತ್ತಲ್ಲೇ ಬಿಡಿಸಿ ಹೇಳುತ್ತೇನೆ. ಇಲ್ಲಿಯವರೆಗೆ ಇಬ್ಬರು ಮಾತ್ರ ತಕರಾರು ಮಾಡಿದ್ದಾರೆ.

ಜ್ವರ, ಭೇದಿಯಾಗಿ ಎದ್ದವರು, ಹಿಂದಿನ ರಾತ್ರಿ ನಿದ್ದೆಗೆಟ್ಟವರು, ಕುಡಿದವರು ಕೂಡ ಆವತ್ತಿನ ಮಟ್ಟಿಗೆ ಹೊಸಬರೇ. ಕುಡಿದ ರಾತ್ರಿಯ ಮರುದಿನ ಮೈಯಲ್ಲಿ ನೀರು ಮೊದಲೇ ಕಡಿಮೆ ಇರುತ್ತದೆ. ಜಾತ್ರೆಯ ಮರುದಿನ ನಾನು ಸ್ಲ್ಯಾಬ್ ಇಟ್ಟುಕೊಳ್ಳುವುದೇ ಇಲ್ಲ.

ಇನ್ನೊಂದು ನಿಯಮ: ಜೋಡಿ. ಪ್ರತಿಯೊಬ್ಬರಿಗೂ ಒಬ್ಬರನ್ನು ಗಂಟು ಹಾಕುತ್ತೇನೆ. ಗಂಟೆಗೊಮ್ಮೆ ಒಬ್ಬರನ್ನೊಬ್ಬರು ಮಾತಾಡಿಸಬೇಕು, ಮುಖ ನೋಡಬೇಕು. ಬಿಸಿಲು ಬಡಿದವರಿಗೆ ತಮಗೆ ಬಡಿದಿದೆ ಅಂತ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಮೆದುಳೇ ಕಾದಿರುತ್ತದೆ. ಅದಕ್ಕೆ ಪಕ್ಕದವರ ಕಣ್ಣು ಬೇಕು.

ಹೊತ್ತು, ಡಿಗ್ರಿ

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನ್ ಕೆಳಗೆ ಕೂತವರಿಗೇ ಈ ವ್ಯವಸ್ಥೆ ಇದ್ದರೆ, ಬಯಲಲ್ಲಿ ನಿಂತವರಿಗೆ ಇನ್ನೂ ಬೇಗ ಇರಬೇಕು ಅಲ್ವಾ? ನಾವು ಐದೂವರೆಗೆ ಶುರು ಮಾಡಿ ಹನ್ನೊಂದಕ್ಕೆ ಕೈ ತೊಳೆಯುತ್ತೇವೆ. ಮತ್ತೆ ನಾಲ್ಕೂವರೆಗೆ ಬಂದು ಕತ್ತಲಾಗುವವರೆಗೆ. ಕಾಂಕ್ರೀಟಿಗೂ ಇದೇ ಒಳ್ಳೆಯದು. ನೆತ್ತಿ ಬಿಸಿಲಲ್ಲಿ ಹಾಕಿದ ಮಾಲು ಹದ ಮಾಡುವ ಮೊದಲೇ ಬಿಗಿಯುತ್ತದೆ, ಬಿರುಕು ಬಿಡುತ್ತದೆ. ಮಾಲೀಕರಿಗೆ ಆಳುಗಳ ಮಾತು ನಾಟದಿದ್ದರೆ ಕಾಂಕ್ರೀಟಿನ ಮಾತು ನಾಟುತ್ತದೆ.

ಡಿಗ್ರಿ ಲೆಕ್ಕದಲ್ಲಿ ಎರಡು ವಿಷಯ ತಿಳಿದಿರಲಿ. ಹವಾಮಾನ ಇಲಾಖೆ ಹೇಳುವುದು ನೆರಳಿನ ಡಿಗ್ರಿ. ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿಗಿಂತ ಮೇಲೆ ಅಳೆದದ್ದು. ಸ್ಲ್ಯಾಬ್ ಹಾಕಲು ಕಟ್ಟಿ ಸರಳು ಹಾಸಿದ ಸೆಂಟ್ರಿಂಗ್ ಮೇಲೆ ನಿಂತವರ ಕಾವು ಅದಕ್ಕಿಂತ ಬಹಳ ಜಾಸ್ತಿ. ಎರಡನೆಯದು, ಬಯಲು ಸೀಮೆಯಲ್ಲಿ ಬಿಸಿಗಾಳಿ ಅಂತ ಕರೆಯಲು 40 ಡಿಗ್ರಿ ಮುಟ್ಟಿದರೆ ಸಾಲದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು, ಇಲ್ಲವೇ 45 ಮುಟ್ಟಬೇಕು. ನಮ್ಮ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 42, 43 ಇದ್ದ ದಿನವೂ ಎಚ್ಚರಿಕೆ ಬರದೇ ಇರಬಹುದು. ಟಿವಿಯಲ್ಲಿ ಹೇಳಲಿಲ್ಲ ಅಂತ ಸುಮ್ಮನಿರಬೇಡಿ. ಎಚ್ಚರಿಕೆ ಬಂದರೆ ಬಣ್ಣ ನೋಡಿ: ಹಳದಿಗೆ ಗಮನವಿಡಬೇಕು, ಕಿತ್ತಳೆಗೆ ತಯಾರಿರಬೇಕು, ಕೆಂಪು ಬಂದ ದಿನ ನಾನು ಕೆಲಸವನ್ನೇ ಇಟ್ಟುಕೊಳ್ಳುವುದಿಲ್ಲ.

ಮೇ ಕೊನೆಗೆ ಮೋಡ ಕಟ್ಟುತ್ತದೆ. ಡಿಗ್ರಿ ಎರಡು ಮೂರು ಇಳಿಯುತ್ತದೆ, ಬಿಸಿಲು ಕಡಿಮೆಯಾಯಿತು ಅಂತ ಜನ ಹಗುರಾಗುತ್ತಾರೆ. ಆದರೆ ಗಾಳಿಯಲ್ಲಿ ಪಸೆ ಸೇರಿ ಬೆವರು ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು, ಸುರಿದರೆ ಅಲ್ಲ. ಆ ಜಿಗುಟು ಸೆಕೆಯ ದಿನಗಳಲ್ಲಿ ಇನ್ನೂ ಹುಷಾರಾಗಿರಿ.

ನೀರು, ಉಪ್ಪು, ಅಂಬಲಿ

ಬಿಸಿಲಲ್ಲಿ ದುಡಿಯುವಾಗ ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಲೋಟ. ಬಾಯಾರಿಕೆ ಆಗಲಿ ಅಂತ ಕಾಯಬಾರದು. ಒಂದೇ ಸಲ ಚೊಂಬುಗಟ್ಟಲೆ ಸುರಿದುಕೊಳ್ಳಲೂಬಾರದು. ಗಂಟೆಗೆ ಒಂದೂವರೆ ಲೀಟರಿಗಿಂತ ಜಾಸ್ತಿ ಬೇಡ. ಬರೀ ನೀರು ಅತಿಯಾದರೆ ರಕ್ತದಲ್ಲಿ ಉಪ್ಪು ತೆಳುವಾಗಿ ಅದೇ ಅಪಾಯ ತರುತ್ತದೆ. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ, ಚಹಾ ಕಷಾಯದ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ.

ನಾನು ಸೈಟಿಗೆ ಎರಡು ಮಣ್ಣಿನ ಹರವಿ ಇಡುತ್ತೇನೆ. ಒಣ ಗಾಳಿಯ ಊರಲ್ಲಿ ಹರವಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಯಲ್ಲಿ ಜಿನುಗಿದ ನೀರು ಆರುತ್ತಾ ಒಳಗಿನದನ್ನು ತಂಪು ಮಾಡುತ್ತದೆ. ನೆರಳಲ್ಲಿ, ಮರಳಿನ ಮೇಲೆ, ಗಾಳಿ ಬರುವ ಕಡೆ ಇಡಿ, ಒದ್ದೆ ಗೋಣಿ ಸುತ್ತಿ. ಹರವಿ ಹಳೆಯದಾಗಿ ಜಿನುಗುವುದು ನಿಂತರೆ ತಂಪೂ ನಿಲ್ಲುತ್ತದೆ. ಅದಕ್ಕೆ ವರ್ಷಾ ಹೋಳಿ ಹುಣ್ಣಿಮೆ ಹೊತ್ತಿಗೆ ಹೊಸದು ತರುತ್ತೇನೆ.

ಊಟದ ವಿಷಯದಲ್ಲಿ ನಮ್ಮ ಹಿರಿಯರು ಏನೂ ಬಿಟ್ಟಿಲ್ಲ. ಬೆಳಿಗ್ಗೆ ಜೋಳದ ನುಚ್ಚು ಮಜ್ಜಿಗೆ, ಇಲ್ಲವೇ ಅಂಬಲಿ, ಜೊತೆಗೆ ಹಸಿ ಈರುಳ್ಳಿ. ಅದರಲ್ಲಿ ನೀರೂ ಇದೆ, ಉಪ್ಪೂ ಇದೆ, ಹೊಟ್ಟೆಯೂ ತುಂಬುತ್ತದೆ. ಬಿಸಿಲಲ್ಲಿ ನಿಲ್ಲುವ ಮುಂಚೆ ಮಂಡಕ್ಕಿ ಮಿರ್ಚಿ ತಿಂದು ಬಂದವರಿಗೆ ಬೇಗ ಬಾಯಿ ಒಣಗುತ್ತದೆ, ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಕಲ್ಲಂಗಡಿ, ಸೌತೆಕಾಯಿ, ತಾಟಿನುಂಗು ಸಿಕ್ಕಾಗ ತಿನ್ನಿ. ಕತ್ತರಿಸಿ ತೆರೆದಿಟ್ಟ ಹಣ್ಣು, ಎಲ್ಲಿಯದೋ ಗೊತ್ತಿಲ್ಲದ ಐಸ್ ಹಾಕಿದ ಶರಬತ್ತು ಬೇಡ. ಭೇದಿ ಹತ್ತಿದರೆ ಇದ್ದ ನೀರೂ ಹೋಗುತ್ತದೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವವರಿಗೆ ನಾನು ಪ್ರೀತಿಯಿಂದಲೇ ಹೇಳುತ್ತೇನೆ, ಅದನ್ನು ತಿನ್ನಿ, ಜೇಬಲ್ಲಿದ್ದರೆ ಮೈ ತಂಪಾಗುವುದಿಲ್ಲ.

ಒಆರ್‌ಎಸ್ ಪುಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅರ್ಧ ಪೊಟ್ಟಣ ಅಂದಾಜಿನ ಮೇಲೆ ಹಾಕಬಾರದು. ಕಲಸಿದ್ದನ್ನು ಒಂದು ದಿನದೊಳಗೆ ಮುಗಿಸಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಮಚ ತಲೆತುಂಬ ಇರಬಾರದು, ಬೆರಳಿಂದ ಸವರಿ ಸಮ ಮಾಡಿ. ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ. ಬಿಪಿ, ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಅಂತ ಬೇಸಿಗೆಗೆ ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಲಿ.

ಈಗ ಯಾರೂ ಬಾಯಿಬಿಟ್ಟು ಹೇಳದ ಮಾತು. ನನ್ನ ಹೆಣ್ಣಾಳುಗಳು ಎಷ್ಟು ಹೇಳಿದರೂ ನೀರು ಕುಡಿಯುತ್ತಿರಲಿಲ್ಲ. ಹರವಿ ಎದುರಿಗೇ ಇತ್ತು. ತಿಂಗಳುಗಟ್ಟಲೆ ನನಗೆ ಕಾರಣ ಹೊಳೆಯಲಿಲ್ಲ. ಕೊನೆಗೆ ನನ್ನ ಹೆಂಡತಿ ಕೇಳಿದಳು, "ಕುಡದ್ರ ಎಲ್ಲಿ ಹೋಗ್ಬೇಕ್ರಿ ಅವರು?" ನನಗೆ ಬಹಳ ನಾಚಿಕೆಯಾಯಿತು. ಸೈಟಿನಲ್ಲಿ ಬಚ್ಚಲೇ ಇರಲಿಲ್ಲ. ಬೆಳಿಗ್ಗೆಯಿಂದ ತಡೆದುಕೊಳ್ಳಲು ಅವರು ಬಾಯಾರಿಕೆಯನ್ನೇ ತಡೆಯುತ್ತಿದ್ದರು. ಈಗ ಪಾಯ ತೋಡುವ ದಿನವೇ ಒಂದು ಮೂಲೆಯಲ್ಲಿ ನಾಲ್ಕು ತಗಡು ನಿಲ್ಲಿಸಿ, ಒಳಗಿನಿಂದ ಚಿಲಕ ಹಾಕುವಂಥ ಬಾಗಿಲು, ಡ್ರಮ್ಮು, ಚೊಂಬು ಇಡುತ್ತೇನೆ. ನೀರಿನ ಖರ್ಚು ಆ ವಾರದಿಂದಲೇ ಏರಿತು. ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆಯುವ ಪ್ರತಿಯೊಬ್ಬ ಮೇಸ್ತ್ರಿಯೂ, ಹೊಲದ ಮಾಲೀಕನೂ ಇದೊಂದನ್ನು ಮಾಡಿ. ಕೈಮುಗಿದು ಕೇಳುತ್ತೇನೆ.

ಬಟ್ಟೆ ತೆಳು ಹತ್ತಿಯದು, ಸಡಿಲ, ತುಂಬು ತೋಳು. ತಲೆಗೆ ಒದ್ದೆ ಟವೆಲ್ ಅಥವಾ ರುಮಾಲು.

ಮನೆ, ಮಾಳಿಗೆ

ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳು ದಪ್ಪ ಗೋಡೆ, ದಪ್ಪ ಮೇಲ್ಮುದ್ದೆಯಿಂದ ಹಗಲಿನ ಕಾವನ್ನು ಒಳಗೆ ಬಿಡುತ್ತಿರಲಿಲ್ಲ. ನಾನೇ ಅಂಥ ಎಷ್ಟೋ ಮನೆ ಕೆಡವಿ ಆರ್‌ಸಿಸಿ ಹಾಕಿದ್ದೇನೆ. ಐದು ಇಂಚಿನ ಸ್ಲ್ಯಾಬ್ ಹಗಲೆಲ್ಲ ಕಾವು ಕುಡಿದು ರಾತ್ರಿ ಪೂರ್ತಿ ಒಳಗೆ ಬಿಡುತ್ತದೆ. ತಗಡಿನ ಮನೆ ಹಗಲು ಒಲೆಯಂತೆ. ರಾತ್ರಿ ಮೈ ತಣಿಯದಿದ್ದರೆ ಮರುದಿನದ ಬಿಸಿಲು ನಿನ್ನೆಯದರ ಮೇಲೆಯೇ ಬಂದು ಕೂರುತ್ತದೆ. ಅದಕ್ಕೆ ರಾತ್ರಿಯ ತಂಪಿಗೂ ಹಗಲಿನಷ್ಟೇ ತಯಾರಿ ಬೇಕು.

ಮಾಳಿಗೆಗೆ ಸುಣ್ಣ ಹೊಡೆಯುವುದು ಎಲ್ಲಕ್ಕಿಂತ ಅಗ್ಗದ ಕೆಲಸ. ಬಿಳುಪು ಬಿಸಿಲನ್ನು ವಾಪಸ್ ಕಳಿಸುತ್ತದೆ. ಮಾರ್ಚ್ ಮೊದಲ ವಾರ ಮಾಡಿ. ಮಾಳಿಗೆಯನ್ನು ಗುಡಿಸಿ, ಪಾಚಿ ಉಜ್ಜಿ ತೊಳೆಯಿರಿ. ಸುಣ್ಣವನ್ನು ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಗಟ್ಟಿ ಮಜ್ಜಿಗೆಯ ಹದ ಇರಲಿ. ಅಂಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ. ಸಂಜೆ ಹೊತ್ತು ಮಾಳಿಗೆಯನ್ನು ತುಸು ಒದ್ದೆ ಮಾಡಿ ಒಂದು ಕೋಟ್, ಮರುದಿನ ಸಂಜೆ ಅಡ್ಡಕ್ಕೆ ಇನ್ನೊಂದು ಕೋಟ್. ಕಾದ ಸ್ಲ್ಯಾಬ್ ಮೇಲೆ ಹೊಡೆದರೆ ಹಿಡಿಯದೆ ಪುಡಿ ಉದುರುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳು ಹತ್ತಿರ ಬರಬಾರದು. ಸಿಡಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಹೋಗಿ. ತಗಡಿಗೆ ಸುಣ್ಣ ಹಿಡಿಯುವುದಿಲ್ಲ, ಬಿಳಿ ಪೇಂಟ್ ಬೇಕು. ಕಾಸಿಲ್ಲದಿದ್ದರೆ ತಗಡಿನ ಕೆಳಗೆ ಒಂದಡಿ ಬಿಟ್ಟು ಬಿದಿರು ತಟ್ಟಿ ಕಟ್ಟಿ, ನಡುವೆ ಗಾಳಿ ಹಾಯುವಂತೆ ಎರಡೂ ತುದಿ ತೆರೆದಿಡಿ. ಒಲೆ, ವೈರಿನಿಂದ ದೂರ ಇರಲಿ.

ಕಿಟಕಿ ಬೆಳಿಗ್ಗೆ ಎಂಟಕ್ಕೆ ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆಯಿರಿ. ಪರದೆ ಕಿಟಕಿಯ ಹೊರಗಿದ್ದರೆ ಬಿಸಿಲು ಗಾಜಿಗೇ ತಾಗುವುದಿಲ್ಲ. ಗೋಣಿತಟ್ಟು ಅಥವಾ ಲಾವಂಚದ ತಟ್ಟಿಯನ್ನು ಹೊರಗೆ ಕಟ್ಟಿ ನೀರು ಚಿಮುಕಿಸಿ. ಕೂಲರ್ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದಂತಿದೆ. ಆದರೆ ಅದನ್ನು ಕಿಟಕಿಗೆ ಹಚ್ಚಿ, ಎದುರಿನ ಕಿಟಕಿ ತೆರೆದಿಡಬೇಕು. ಮುಚ್ಚಿದ ಕೋಣೆಯೊಳಗಿಟ್ಟರೆ ಒಂದೇ ಗಂಟೆಯಲ್ಲಿ ಕೋಣೆ ಜಿಗುಟಾಗುತ್ತದೆ. ಕೋಣೆಯೊಳಗೆ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ. ಒದ್ದೆ ಟವೆಲ್ ಹೊದ್ದು ಫ್ಯಾನ್ ಕೆಳಗೆ ಕೂತರೆ ಪ್ರಯೋಜನವಿದೆ.

ಮಾಳಿಗೆ ಮೇಲೆ ಮಲಗುವವರು ಸಂಜೆ ಕೈ ತೊಳೆದ, ತರಕಾರಿ ತೊಳೆದ ನೀರನ್ನು ಅಲ್ಲಿ ಚೆಲ್ಲಿ. ಕುಡಿಯುವ ನೀರು ಸುರಿಯುವಷ್ಟು ಸುಖ ನಮ್ಮ ಓಣಿಗಳಿಗಿಲ್ಲ. ಕಟ್ಟೆ ಇಲ್ಲದ ಮಾಳಿಗೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಹಾಸಿಗೆ ಕೊಡವಿ ಹಾಸಿ, ಬೆಳಿಗ್ಗೆ ಚಪ್ಪಲಿ ಕೊಡವಿ ಮೆಟ್ಟಿ. ಈ ಕಾಲಕ್ಕೆ ಚೇಳು ಹೊರಬರುತ್ತವೆ.

ಅವ್ವ

ನಮ್ಮ ಅವ್ವನಿಗೆ ಎಪ್ಪತ್ತೆಂಟು. ಎಷ್ಟು ಸೆಕೆ ಇದ್ದರೂ ಬಾಯಾರಿಕೆ ಅನ್ನುವುದಿಲ್ಲ. ವಯಸ್ಸಾದ ಮೇಲೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದಂತೆ. "ನೀರು ಬೇಕೇನವ್ವಾ" ಅಂತ ಕೇಳಿದರೆ ಬೇಡ ಅಂತಾರೆ. ಈಗ ಕೇಳುವುದು ಬಿಟ್ಟಿದ್ದೇವೆ. ಲೋಟ ಕೈಗೆ ಕೊಟ್ಟು, ಕುಡಿಯುವವರೆಗೆ ಪಕ್ಕದಲ್ಲಿ ಕೂತು ಮಾತಾಡುತ್ತೇವೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರದಲ್ಲಿ ನೀರು ಹೊರಹಾಕುವಂಥವು. ಬೇಸಿಗೆಯಲ್ಲಿ ಅದರ ಪ್ರಮಾಣ ಡಾಕ್ಟರಿಗೆ ತೋರಿಸಿ ಕೇಳಿ. ನೀವೇ ನಿಲ್ಲಿಸಬೇಡಿ.

ಓಣಿಯಲ್ಲಿ ಒಬ್ಬಂಟಿಯಾಗಿರುವ ಹಿರಿಯರ ಮನೆಗೆ ದಿನಕ್ಕೆ ಎರಡು ಸಲ ಹೋಗಿ. ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ. ಬಾಗಿಲಲ್ಲಿ ನಿಂತು ಆರಾಮಾ ಅಂತ ಕೇಳಿ ಬರುವುದಲ್ಲ, ಒಳಗೆ ಹೋಗಿ ಎರಡು ಮಾತಾಡಿ. ಯಾವ ಪಲ್ಯ ಮಾಡಿದ್ದಿರಿ ಅಂತ ಕೇಳಿದರೂ ಸಾಕು, ಮಾತು ಸರಿಯಿದೆಯಾ ತಿಳಿಯುತ್ತದೆ. ಕಾವು ಜಾಸ್ತಿ ಇರುವ ಮನೆಯವರನ್ನು ಮಧ್ಯಾಹ್ನ ನಿಮ್ಮ ತಂಪಾದ ಕೋಣೆಗೆ ಕರೆತನ್ನಿ.

ಆರು ತಿಂಗಳೊಳಗಿನ ಕೂಸಿಗೆ ನೀರು ಹಾಕಬೇಡಿ, ಎದೆಹಾಲನ್ನೇ ಹೆಚ್ಚು ಸಲ ಕೊಡಿ, ತಾಯಿ ಚೆನ್ನಾಗಿ ನೀರು ಕುಡಿಯಲಿ. ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಒಂದು ನಿಮಿಷಕ್ಕೂ ಬಿಡಬೇಡಿ. ಬಸುರಿ ಹೆಣ್ಣುಮಕ್ಕಳನ್ನು ಮಧ್ಯಾಹ್ನದ ಮದುವೆ ಊಟದ ಸಾಲಿನಲ್ಲಿ ನಿಲ್ಲಿಸಬೇಡಿ.

ನಾಳೆ ನಮ್ಮದೊಂದು ಸ್ಲ್ಯಾಬ್ ಇದೆ. ಟ್ರ್ಯಾಕ್ಟರಿಗೆ ರಾತ್ರಿಯೇ ಸಾಮಾನು ಹೇರಿ ಆಗಿದೆ: ಎರಡು ಹರವಿ, ಇಪ್ಪತ್ತು ಒಆರ್‌ಎಸ್ ಪೊಟ್ಟಣ, ನೆರಳಿಗೆ ತಾಡಪತ್ರಿ, ಹೆಣ್ಣುಮಕ್ಕಳ ಬಚ್ಚಲಿಗೆ ತಗಡು, ಮಜ್ಜಿಗೆಯ ಕ್ಯಾನು. ಕ್ಯೂರಿಂಗ್ ಪೈಪನ್ನು ನನ್ನ ಅಳಿಯ ತಾನೇ ಸುತ್ತಿ ಇಟ್ಟಿದ್ದಾನೆ. ಅವನು ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ಸೈಟಿಗೆ ಹೋದ ತಕ್ಷಣ ಅದನ್ನು ನೆರಳಲ್ಲಿ ಬಿಚ್ಚಿ, ನಲ್ಲಿಗೆ ಜೋಡಿಸಿ, ನೀರು ಬರುತ್ತದಾ ಅಂತ ಕೈಯೊಡ್ಡಿ ನೋಡಿದ ಮೇಲೆಯೇ ಅವನು ಮೊದಲ ಬಾಂಡ್ಲಿ ಎತ್ತಲು ಬಿಡುವುದು.